ಕಾಫಿಪುಡಿಯಿಂದ 108ರವರೆಗೆ: ಹೋಟೆಲ್ ಗಲ್ಲಾದಲ್ಲಿ ಕೂತು ಕಲಿತ ಪ್ರಥಮ ಚಿಕಿತ್ಸೆ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ಕಂಪೌಂಡರ್ ಕೂಡ ಅಲ್ಲ. ಮುಂಬಯಿಯ ಘಾಟ್‌ಕೋಪರ್ ಪಶ್ಚಿಮದಲ್ಲಿ ಒಂದು ಉಡುಪಿ ಹೋಟೆಲ್‌ನ ಗಲ್ಲಾದಲ್ಲಿ ಕೂರುವವನು. ಊರು ಕುಂದಾಪುರದ ಹತ್ತಿರ. ಹದಿನೈದನೇ ವಯಸ್ಸಿಗೆ ಬಂದೆ. ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಹತ್ತನೇ ಕ್ಲಾಸ್ ಮಾಡಿಕೊಂಡೆ, ಆಮೇಲೆ ಸಪ್ಲಾಯರ್, ಆಮೇಲೆ ಗಲ್ಲಾ. ನಮ್ಮ ಕಡೆಯ ಎಷ್ಟೋ ಜನರ ಕತೆ ಇದೇ, ಅಲ್ವಾ? ನಾನು ಬರೆಯಲು ಕೂತಿರುವುದು ಅದನ್ನಲ್ಲ. ಕಳೆದ ಹತ್ತು ವರ್ಷದಲ್ಲಿ ನಮ್ಮ ಹೋಟೆಲ್‌ನ ಒಳಗೆ, ಹೊರಗೆ ಆದ ನಾಲ್ಕೈದು ಘಟನೆಗಳಲ್ಲಿ ನಾನು ಏನು ಮಾಡಿದೆ, ಎಲ್ಲಿ ತಪ್ಪಿದೆ ಅನ್ನುವುದನ್ನು ಹೇಳಬೇಕು.

ತಪ್ಪಿನಿಂದಲೇ ಶುರು ಮಾಡುತ್ತೇನೆ.

2015ರ ಜುಲೈ. ಹೊರಗೆ ಜೋರು ಮಳೆ, ಕಿಚನ್ ನೆಲವೆಲ್ಲ ಪಿಚಪಿಚ. ವಡೆ ಕರಿಯುವ ಬಾಣಲೆಯನ್ನು ಒಲೆಯಿಂದ ಇಳಿಸುವಾಗ ಒಬ್ಬ ಹುಡುಗ ಜಾರಿದ. ಬಂದು ಎರಡು ತಿಂಗಳಾಗಿತ್ತಷ್ಟೆ, ಹತ್ತೊಂಬತ್ತು ವಯಸ್ಸು. ಎಡಗೈ ಮೇಲೆ, ಮೊಣಕೈಯಿಂದ ಬೆರಳವರೆಗೆ ಕಾದ ಎಣ್ಣೆ ಬಿತ್ತು. ಅವನು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಅಡುಗೆಯ ಭಟ್ಟರು "ಕಾಫಿಪುಡಿ ತಾ, ಕಾಫಿಪುಡಿ ತಾ" ಎಂದರು. ನಾನೇ ಓಡಿ ಹೋಗಿ ಡಬ್ಬಿಯಿಂದ ಎರಡು ಮುಷ್ಟಿ ಕಾಫಿಪುಡಿ ತಂದು ಒತ್ತಿದೆ. ಒಳ್ಳೆಯ ಪುಡಿ, ಚಿಕೋರಿ ಕಡಿಮೆ ಇರುವುದು. ಇನ್ನೊಬ್ಬ ಟೂತ್‌ಪೇಸ್ಟ್ ಹಿಡಿದು ನಿಂತಿದ್ದ. ಯಾರಿಗೋ ಪ್ರಥಮ ಚಿಕಿತ್ಸೆ ಡಬ್ಬಿ ನೆನಪಾಯಿತು. ಡಬ್ಬಿ ಇತ್ತು, ಕೆಂಪು ಪ್ಲಸ್ ಗುರುತು ಹಾಕಿ ಗೋಡೆಗೆ ಹೊಡೆದಿದ್ದೆವು, ಇನ್‌ಸ್ಪೆಕ್ಟರ್ ಬಂದಾಗ ತೋರಿಸಲಿಕ್ಕೆ. ಅದಕ್ಕೊಂದು ಪುಟ್ಟ ಬೀಗ. ಕೀಲಿ ಹೋಟೆಲ್ ಮಾಲೀಕರು, ನಮ್ಮ ಶೇಠರ ಹತ್ತಿರ. ಶೇಠರು ಊರಿಗೆ, ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು.

ಟೇಬಲ್ ಬಟ್ಟೆ ಸುತ್ತಿ ಅವನನ್ನು ರಿಕ್ಷಾದಲ್ಲಿ ಕೂರಿಸಿದೆವು. ಕೆಇಎಂ ಆಸ್ಪತ್ರೆಗೆ ಹೋಗೋಣ ಅಂತ ಒಬ್ಬ, ಸಾಯನ್ ಆಸ್ಪತ್ರೆಗೆ ಅಂತ ಇನ್ನೊಬ್ಬ. ರಿಕ್ಷಾ ಸಾಯನ್ ದಾಟಿ ಪಟ್ಟಣದ ಒಳಗೆ ಹೋಗುವ ಹಾಗಿಲ್ಲ, ಅಲ್ಲಿಂದ ಮುಂದೆ ಟ್ಯಾಕ್ಸಿ ಹುಡುಕಬೇಕು. ಹಾಗಾಗಿ ಸಾಯನ್. ರಿಕ್ಷಾ ಇಲ್ಲದಿದ್ದರೆ ಆ ತೀರ್ಮಾನವೂ ಆಗುತ್ತಿರಲಿಲ್ಲವೇನೋ. 108 ಆಂಬ್ಯುಲೆನ್ಸ್ ಮಹಾರಾಷ್ಟ್ರದಲ್ಲಿ ಶುರುವಾಗಿದ್ದು 2014ರ ಜನವರಿಯಲ್ಲಿ. ಅಂದರೆ ಅದಾಗಲೇ ಒಂದೂವರೆ ವರ್ಷದಿಂದ ಓಡುತ್ತಿತ್ತು, ಪುಕ್ಕಟೆ. ನಮ್ಮ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಆ ನಂಬರ್ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬಳು ಸಣ್ಣ ವಯಸ್ಸಿನ ಡಾಕ್ಟರ್, ಕಣ್ಣಲ್ಲಿ ಮೂರು ದಿನದ ನಿದ್ದೆ ಬಾಕಿ ಇರುವ ಹಾಗೆ ಕಾಣುತ್ತಿತ್ತು. ಬಟ್ಟೆ ಬಿಚ್ಚಿ ನೋಡಿದಳು. ಕಾಫಿಪುಡಿ ಗಾಯದ ನೀರು ಕುಡಿದು ಉಂಡೆಯಾಗಿ ಚರ್ಮಕ್ಕೆ ಅಂಟಿತ್ತು. ಅದನ್ನು ತೊಳೆದು ತೊಳೆದು, ಇಕ್ಕಳದಲ್ಲಿ ಚೂರು ಚೂರೇ ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು. ಎಣ್ಣೆ ಬಿದ್ದಾಗ ಕೂಗಿದ್ದಕ್ಕಿಂತ ಜಾಸ್ತಿ ಹುಡುಗ ಆಗ ಕೂಗಿದ. ಅವಳು ತಲೆ ಎತ್ತದೆ ಹಿಂದಿಯಲ್ಲಿ ಕೇಳಿದಳು, "ಹೋಟೆಲ್‌ನಲ್ಲಿ ನಲ್ಲಿ ಇಲ್ವಾ?" ಇದೆ ಎಂದೆ. "ಮತ್ತೆ?" ಅಷ್ಟೇ. ಬೈದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ.

ಈಗ ಗೊತ್ತಿರುವುದನ್ನು ಹೇಳುತ್ತೇನೆ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿಗೆ 20 ನಿಮಿಷ ಹಿಡಿಯಬೇಕು. ಎರಡು ನಿಮಿಷ ಸಾಲದು, ಗಡಿಯಾರ ನೋಡಿ 20. ನಲ್ಲಿಯಲ್ಲಿ ನೀರಿಲ್ಲದಿದ್ದರೆ (ನಮ್ಮ ಕಡೆ ಮುನಿಸಿಪಾಲಿಟಿ ನೀರು ಬರುವುದೇ ಗಂಟೆ ಲೆಕ್ಕದಲ್ಲಿ) ಡ್ರಮ್ಮಿನಿಂದ ಚೊಂಬಲ್ಲಿ ಹೊಯ್ಯುತ್ತಾ ಇರಬೇಕು, ಒಬ್ಬರ ಕೈ ಸೋತರೆ ಇನ್ನೊಬ್ಬರು. ಮಂಜುಗಡ್ಡೆ ಬೇಡ, ಅದು ಚರ್ಮವನ್ನು ಇನ್ನೂ ಕೆಡಿಸುತ್ತದೆ. ಉಂಗುರ, ವಾಚು, ಕೈಗೆ ಕಟ್ಟಿದ ದಾರ, ಕಡಗ ಎಲ್ಲ ಮೊದಲೇ ತೆಗೆಯಬೇಕು, ಬಾವು ಬಂದ ಮೇಲೆ ಬರುವುದಿಲ್ಲ. ಆ ಹುಡುಗನ ಉಂಗುರವನ್ನು ಆಸ್ಪತ್ರೆಯಲ್ಲಿ ಕತ್ತರಿಸಬೇಕಾಯಿತು, ಅವನ ಅಮ್ಮ ಕೊಟ್ಟಿದ್ದ ಬೆಳ್ಳಿ ಉಂಗುರ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಎಳೆಯಬಾರದು. ಗುಳ್ಳೆ ಒಡೆಯಬಾರದು. ಆಮೇಲೆ ಮುಚ್ಚುವುದಕ್ಕೆ ಹತ್ತಿ ಬೇಡ, ಅಂಟುತ್ತದೆ. ಪಾರ್ಸೆಲ್ ಕಟ್ಟುವ ತೆಳು ಪ್ಲಾಸ್ಟಿಕ್ ರೋಲ್ ಎಲ್ಲ ಹೋಟೆಲ್‌ನಲ್ಲೂ ಇರುತ್ತದಲ್ಲ, ಅದರ ಮೊದಲ ಒಂದು ಸುತ್ತು ಬಿಸಾಡಿ ಮುಂದಿನದನ್ನು ಸಡಿಲವಾಗಿ ಹೊದಿಸಿದರೆ ಸಾಕು. ಗಾಯ ಅವನದೇ ಅಂಗೈಗಿಂತ ದೊಡ್ಡದಿದ್ದರೆ, ಇಲ್ಲವೇ ಮುಖ, ಕೈ, ಕೀಲು, ಗುಪ್ತಾಂಗದ ಮೇಲಿದ್ದರೆ, ಸಣ್ಣದಾದರೂ ಆಸ್ಪತ್ರೆಗೇ ಹೋಗಬೇಕು.

ಇದನ್ನೆಲ್ಲ ನನಗೆ ಕಲಿಸಿದ್ದು ಒಬ್ಬ ಗಿರಾಕಿ. ಅಂಕೋಲದ ಕಡೆಯವರು, ಮುನಿಸಿಪಾಲಿಟಿ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ನರ್ಸ್ ಆಗಿದ್ದು ರಿಟೈರ್ ಆದವರು. ನಾವೆಲ್ಲ ಸಿಸ್ಟರ್ ಅಕ್ಕ ಅಂತಲೇ ಕರೆಯುವುದು. ಮಧ್ಯಾಹ್ನ ನಾಲ್ಕಕ್ಕೆ ಬಂದು ಒಂದು ಕಾಫಿ, ಒಂದು ಬನ್ಸ್. ಹುಡುಗನ ಕೈ ಪಟ್ಟಿ ನೋಡಿ ಕತೆ ಕೇಳಿದರು. ಪೂರಾ ಕೇಳಿ, "ನಾಳೆ ಮೂರು ಗಂಟೆಗೆ ಬರ್ತೇನೆ, ಎಲ್ಲ ಹುಡುಗರನ್ನೂ ಕೂರಿಸು, ಭಟ್ಟರನ್ನೂ" ಎಂದರು. ಮೂರರಿಂದ ನಾಲ್ಕು ನಮಗೆ ಖಾಲಿ ಹೊತ್ತು. ಹುಡುಗರು ಮಲಗುವ ಹೊತ್ತು ಕೂಡ, ಹಾಗಾಗಿ ಮೊದಲ ದಿನ ಅರ್ಧ ಜನ ಗೋಡೆಗೆ ಒರಗಿ ಗೊರಕೆ ಹೊಡೆದರು. ಸಿಸ್ಟರ್ ಅಕ್ಕ ಏನೂ ಅನ್ನದೆ ಒಬ್ಬನ ಎದೆ ಮೇಲೆ ಕೈಯಿಟ್ಟು ಒಂದು ಸಲ ಒತ್ತಿದರು. ಎದ್ದು ಕೂತ.

ವಾರಕ್ಕೊಂದು ದಿನದಂತೆ ಎರಡು ತಿಂಗಳು ಹೇಳಿಕೊಟ್ಟರು. ಕುಂದಾಪುರದ ಹುಡುಗರಿಗೆ ಕನ್ನಡದಲ್ಲಿ, ಉತ್ತರಪ್ರದೇಶ, ಒಡಿಶಾದವರಿಗೆ ಅವರದೇ ಥರದ ಮರಾಠಿ ಬೆರೆಸಿದ ಹಿಂದಿಯಲ್ಲಿ. ಆಮೇಲೆ ನಾನು ಸೇಂಟ್ ಜಾನ್ ಆಂಬ್ಯುಲೆನ್ಸ್‌ನವರ ಕೋರ್ಸ್ ಕೂಡ ಮಾಡಿ ಸರ್ಟಿಫಿಕೇಟ್ ತೆಗೆದುಕೊಂಡೆ. ಅಲ್ಲಿ ಗೊಂಬೆ ಇತ್ತು, ಚಾರ್ಟ್ ಇತ್ತು. ಆದರೆ ನನ್ನ ಕೈಗೆ ಹತ್ತಿದ್ದು ನಮ್ಮ ಹೋಟೆಲ್‌ನ ನೆಲದ ಮೇಲೆ, ಸುತ್ತಿ ಕಟ್ಟಿದ ಹಳೆ ಗಾದಿಯನ್ನು ಮನುಷ್ಯ ಅಂದುಕೊಂಡು ಒತ್ತಿದ್ದೇ.

ಎದೆ ಒತ್ತುವುದಕ್ಕೆ ನಿಮಿಷಕ್ಕೆ 100ರಿಂದ 120ರ ಲೆಕ್ಕ ಇರಬೇಕು. ಹುಡುಗರಿಗೆ ಈ ಲೆಕ್ಕ ತಲೆಗೆ ಹೋಗಲೇ ಇಲ್ಲ. ಒಬ್ಬ ಮೈದಾ ನಾದಿದ ಹಾಗೆ ನಿಧಾನ, ಇನ್ನೊಬ್ಬ ಬೆನ್ನಟ್ಟಿದವನ ಹಾಗೆ. ಕೊನೆಗೆ ಭಟ್ಟರೇ ದಾರಿ ಹೇಳಿದರು. ಶನಿವಾರದ ಭಜನೆಯಲ್ಲಿ ಮೊದಲು ನಿಧಾನ ಇರುವ ತಾಳ ಆಮೇಲೆ ಸ್ವಲ್ಪ ಏರುತ್ತದಲ್ಲ, ಇನ್ನೂ ಕುಣಿತದ ಓಟಕ್ಕೆ ಹೋಗಿರುವುದಿಲ್ಲ, ಆ ನಡು ಹದ. ಫೋನಿನ ಗಡಿಯಾರ ಹಿಡಿದು ಎಣಿಸಿದೆವು, ಬರೋಬ್ಬರಿ 110ರ ಹತ್ತಿರ ಬಂತು. ಅವತ್ತಿನಿಂದ ನಮ್ಮಲ್ಲಿ ಅದಕ್ಕೆ ಭಜನೆ ಹದ ಅಂತಲೇ ಹೆಸರು.

ಮುಂದಿನ ಕೆಲವು ವರ್ಷ ಸಣ್ಣಪುಟ್ಟದ್ದೇ ಜಾಸ್ತಿ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವ ಶುಗರ್ ಇರುವ ಅಂಕಲ್‌ಗಳು, ಇನ್ಸುಲಿನ್ ತಗೊಂಡು ಏನೂ ತಿನ್ನದೆ ಮೂರು ರೌಂಡ್ ಹೊಡೆದು ಬಂದು ಟೇಬಲ್‌ಗೆ ಕೂತರೆ ಬೆವರು, ನಡುಕ, ಮಾತು ತೊದಲು. ಎಚ್ಚರ ಇದ್ದು ನುಂಗುವ ಹಾಗಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಕಲಸಿದ ನೀರು ಕೊಡುವುದು, ಹತ್ತು ಹದಿನೈದು ನಿಮಿಷದಲ್ಲಿ ಮನುಷ್ಯ ಸರಿಯಾಗಿ ಇಡ್ಲಿ ಆರ್ಡರ್ ಮಾಡುತ್ತಾನೆ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಒಂದು ಹನಿಯೂ ಬೇಡ, ನೇರ 108. ಫಿಟ್ಸ್ ಬಂದ ಒಬ್ಬ ಕಾಲೇಜು ಹುಡುಗಿಗೆ ಸುತ್ತ ನಿಂತವರು ಕೈಗೆ ಕಬ್ಬಿಣ ಕೊಡಿ, ಚಪ್ಪಲಿ ಮೂಸಿಸಿ, ಈರುಳ್ಳಿ ತನ್ನಿ ಎಂದು ಕೂಗಿದರು. ಈರುಳ್ಳಿಗೆ ಹೋಟೆಲ್‌ನಲ್ಲಿ ಬರವೇ? ಆದರೂ ತರಲಿಲ್ಲ. ಕುರ್ಚಿ ಸರಿಸಿ, ತಲೆಗೆ ಏನೂ ತಾಗದ ಹಾಗೆ ಮಡಿಸಿದ ಟವೆಲ್ ಇಟ್ಟು, ಕೈಕಾಲು ಹಿಡಿಯದೆ ಬಿಟ್ಟೆ. ನಡುಕ ನಿಂತ ಕೂಡಲೇ ಮಗ್ಗುಲಿಗೆ ತಿರುಗಿಸಿದೆ. ಎರಡು ನಿಮಿಷದೊಳಗೆ ನಿಂತಿತ್ತು. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಬೇಕೇ ಬೇಕು, ಅದಕ್ಕೇ ಶುರುವಾದ ಕೂಡಲೇ ಗಡಿಯಾರ ನೋಡಬೇಕು. ಎದ್ದ ಮೇಲೆ ಆ ಹುಡುಗಿ ಮೊದಲು ತನ್ನ ದುಪ್ಪಟ್ಟಾ ಸರಿ ಮಾಡಿಕೊಂಡು ಸುತ್ತ ನೋಡಿದಳು. ಅವಳನ್ನು ಅಷ್ಟು ಜನ ವಿಡಿಯೋ ಮಾಡುತ್ತಾ ನಿಂತಿದ್ದರು. ಅವರನ್ನು ಹೊರಗೆ ಕಳಿಸಿದ್ದೂ ಪ್ರಥಮ ಚಿಕಿತ್ಸೆಯೇ ಅಂತ ನಾನು ಅಂದುಕೊಂಡಿದ್ದೇನೆ.

ವಡೆ ಗಂಟಲಲ್ಲಿ ಸಿಕ್ಕಿದ್ದು ಒಂದು ಸಲ. ಕೆಮ್ಮು ಬರುತ್ತಿದ್ದರೆ ಸುಮ್ನೆ ಕೆಮ್ಮಲು ಬಿಡಬೇಕು, ಜೋರಾಗಿ ಕೆಮ್ಮಿ ಅನ್ನಬೇಕು ಅಷ್ಟೇ. ಇವರಿಗೆ ಸದ್ದೇ ಇರಲಿಲ್ಲ. ಬಾಯಿ ತೆರೆದಿದೆ, ಕಣ್ಣು ದೊಡ್ಡದು, ಕೈ ಗಂಟಲ ಮೇಲೆ. ಹೆಂಡತಿ ನೀರು ಕುಡಿಸಲು ಹೋಗುತ್ತಿದ್ದರು, ತಡೆದೆ. ಮುಂದಕ್ಕೆ ಬಗ್ಗಿಸಿ ಎರಡೂ ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಏಟು. ಬರಲಿಲ್ಲ. ಹಿಂದಿನಿಂದ ಸೊಂಟ ಬಳಸಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಜಗ್ಗುವುದು ಐದು. ಮೂರನೇ ಜಗ್ಗಿಗೆ ವಡೆ ಚೂರು ಪಕ್ಕದ ಟೇಬಲ್‌ನ ಸಾಂಬಾರ್ ಬಟ್ಟಲಿನ ಹತ್ತಿರ ಬಿತ್ತು. ಪಕ್ಕದ ಟೇಬಲ್‌ನವರಿಗೆ ಬೇರೆ ಸಾಂಬಾರ್ ಕೊಟ್ಟೆವು. ಗರ್ಭಿಣಿ, ತುಂಬಾ ದಪ್ಪ ಇರುವವರಿಗೆ ಹೊಟ್ಟೆ ಜಗ್ಗಬಾರದು, ಎದೆಯ ನಡುವೆ ಜಗ್ಗಬೇಕು. ಒಂದು ವರ್ಷದೊಳಗಿನ ಮಗುವಿಗೂ ಹೊಟ್ಟೆ ಒತ್ತುವ ಹಾಗಿಲ್ಲ, ಅದಕ್ಕೆ ಬೇರೆ ಕ್ರಮ ಇದೆ, ಅದನ್ನು ಓದಿ ಕಲಿಯುವುದಲ್ಲ, ಯಾರಾದರೂ ಗೊತ್ತಿದ್ದವರ ಎದುರು ಗೊಂಬೆ ಹಿಡಿದೇ ಕಲಿಯಬೇಕು.

ರಸ್ತೆ ಅಪಘಾತದ್ದು ಬೇರೆಯೇ ಭಯ. ಮಳೆಗಾಲದಲ್ಲಿ ಎಲ್‌ಬಿಎಸ್ ರಸ್ತೆಯ ಗುಂಡಿಗೆ ಬೈಕ್ ಇಳಿದು ಒಬ್ಬ ಡೆಲಿವರಿ ಹುಡುಗ ಬಿದ್ದ. ತೊಡೆಯಿಂದ ರಕ್ತ. ನಾನು ಟವೆಲ್ ಹಿಡಿದು ಹೊರಟಾಗ ಶೇಠರೇ ಕೈ ಹಿಡಿದರು. "ಬೇಡ ಮಾರಾಯ, ಪೊಲೀಸ್ ಕೇಸ್, ಕೋರ್ಟು, ಆಮೇಲೆ ನೀನೇ ಗುದ್ದಿದ್ದು ಅಂತಾರೆ." ಅವರ ಭಯ ಸುಳ್ಳಲ್ಲ, ಅವರ ಕಾಲದಲ್ಲಿ ಹಾಗೇ ಇತ್ತು. ಆದರೆ ಸಹಾಯ ಮಾಡಿದವರಿಗೆ ಕಾಟ ಕೊಡಬಾರದು ಅನ್ನುವ ನಿಯಮಕ್ಕೆ 2016ರಲ್ಲಿ ಸುಪ್ರೀಂ ಕೋರ್ಟ್ ಬಲ ಕೊಟ್ಟಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಸೆಕ್ಷನ್ನೇ ಸೇರಿಸಿದರು. ನಾವಾಗಿ ಹೇಳಿದರೆ ಹೊರತು ನಮ್ಮ ಹೆಸರು, ವಿಳಾಸ ಕೇಳಿ ಒತ್ತಾಯ ಮಾಡುವ ಹಾಗಿಲ್ಲ. ಇದನ್ನು ನಾನು ಶೇಠರಿಗೆ ಹೇಳಿದ್ದು ಮರುದಿನ. ಆ ಹೊತ್ತಿಗೆ ಕೈ ಬಿಡಿಸಿಕೊಂಡು ಓಡಿದೆ ಅಷ್ಟೇ.

ರಕ್ತಕ್ಕೆ ಮಾಡಬೇಕಾದ್ದು ಒಂದೇ, ಒತ್ತುವುದು. ಶುದ್ಧ ಟವೆಲ್ ಮಡಿಸಿ ಗಾಯದ ಮೇಲಿಟ್ಟು ಮೈಭಾರ ಹಾಕಿ ಒತ್ತಿ ಹಿಡಿಯುವುದು, ನಿಂತಿತಾ ಅಂತ ನಡುನಡುವೆ ತೆಗೆದು ನೋಡುವ ಚಪಲ ಬಿಡುವುದು. ಬಟ್ಟೆ ತೊಯ್ದರೆ ಅದರ ಮೇಲೆ ಇನ್ನೊಂದು. ಹೆಲ್ಮೆಟ್ ತೆಗೆಯಲು ಹೋಗಲಿಲ್ಲ, ಅವನು ಉಸಿರಾಡುತ್ತಿದ್ದ, ಮಾತಾಡುತ್ತಿದ್ದ. ಮಾತು ಅಂದರೆ "ಆರ್ಡರ್ ಲೇಟ್ ಆಗುತ್ತೆ" ಅಂತ. ಯಾರೋ ಉತ್ಸಾಹಿಗಳು ಅಲ್ಲೇ ನಿಂತ ಟೆಂಪೋದಲ್ಲಿ ಹಾಕಿ ಹತ್ತಿರದ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಸಾಗಿಸಿದರು, ನಾನೂ ಟವೆಲ್ ಒತ್ತಿ ಹಿಡಿದುಕೊಂಡೇ ಹತ್ತಿದೆ. ಕೌಂಟರ್‌ನಲ್ಲಿ ಮೊದಲ ಪ್ರಶ್ನೆ ಡೆಪಾಸಿಟ್ ಯಾರು ಕಟ್ಟುತ್ತಾರೆ ಅಂತ. ತುರ್ತಿನಲ್ಲಿ ಬಂದವರಿಗೆ ಸರ್ಕಾರಿ ಆಗಲಿ, ಖಾಸಗಿ ಆಗಲಿ, ಯಾವ ಡಾಕ್ಟರೂ ಮೊದಲು ಜೀವ ಉಳಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ. ಹೇಳಿದೆ ಕೂಡ. ಕೌಂಟರ್‌ನ ಹುಡುಗ ನನ್ನ ಲುಂಗಿ, ರಕ್ತ, ಗಲ್ಲಾದ ಪೆನ್ನು ಸಿಕ್ಕಿಸಿದ ಅಂಗಿ ನೋಡಿ "ಆಪ್ ವಕೀಲ್ ಹೋ?" ಎಂದ. ಕೊನೆಗೆ ಅದೇ ಟೆಂಪೋದಲ್ಲಿ ಮುನಿಸಿಪಾಲಿಟಿ ಆಸ್ಪತ್ರೆಗೆ ಹೋದೆವು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಸ್ಟ್ರೆಚರ್ ಕೂಡ ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು, ಒಂದೇ ಇತ್ತು, ಅದರ ಮೇಲೆ ಬೇರೆಯವರು. ಅಲ್ಲಿನ ಮಾಮಾ (ಮುಂಬಯಿಯ ಆಸ್ಪತ್ರೆಗಳಲ್ಲಿ ವಾರ್ಡ್ ಬಾಯ್‌ಗೆ ಎಲ್ಲರೂ ಮಾಮಾ ಅಂತಾರೆ, ಆಯಾಗೆ ಮಾವಶಿ) ಹುಡುಗನನ್ನು ಮಗುವಿನ ಹಾಗೆ ಎತ್ತಿಕೊಂಡು ಒಳಗೆ ಹೋದ. ಕೇಸ್ ಪೇಪರ್‌ಗೆ ಹತ್ತು ರೂಪಾಯಿ.

ಈಗ ಹೇಳಬೇಕೆಂದಿದ್ದ ದಿನ. ಎರಡು ವರ್ಷದ ಹಿಂದೆ, ಮೇ ತಿಂಗಳು, ಬೆಳಿಗ್ಗೆ. ದಿನಾ ಬರುವ ಒಬ್ಬರು ನಾಲ್ಕನೇ ಟೇಬಲ್‌ಗೆ ಕೂತು ಫಿಲ್ಟರ್ ಕಾಫಿ ಹೇಳಿದರು. ಎಪ್ಪತ್ತರ ಹತ್ತಿರದ ವಯಸ್ಸು, ಹುಬ್ಬಳ್ಳಿ ಕಡೆಯವರು, ಬ್ಯಾಂಕಿನಲ್ಲಿದ್ದವರು, ಕಾಫಿ ಬರುವವರೆಗೆ ಕನ್ನಡ ಪೇಪರ್ ತಿರುವುವವರು. ಪೇಪರ್ ಕೈಯಲ್ಲೇ ಇತ್ತು. ತಲೆ ಟೇಬಲ್ ಮೇಲೆ ಬಿತ್ತು. ಸಪ್ಲಾಯರ್ ನಿದ್ದೆ ಬಂತೇನೋ ಅಂದುಕೊಂಡ. ಆಮೇಲೆ ಪಕ್ಕಕ್ಕೆ ವಾಲಿ ಕೆಳಗೆ.

ಸಿಸಿಟಿವಿಯಲ್ಲಿ ಇದೆಲ್ಲ ಇದೆ. ನಾನು ಆಮೇಲೆ ಐದಾರು ಸಲ ನೋಡಿದ್ದೇನೆ. 6 ಗಂಟೆ 42 ನಿಮಿಷಕ್ಕೆ ಬೀಳುತ್ತಾರೆ. ನಾನು ಎದೆ ಒತ್ತಲು ಶುರು ಮಾಡುವುದು ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಆದ ಮೇಲೆ. ಆ ಒಂದು ನಿಮಿಷ ಇಪ್ಪತ್ತು ಸೆಕೆಂಡ್‌ನಲ್ಲಿ ಒಬ್ಬ ಮುಖಕ್ಕೆ ನೀರು ಹೊಡೆಯುತ್ತಾನೆ, ಒಬ್ಬ ಪೇಪರ್‌ನಿಂದ ಗಾಳಿ ಹಾಕುತ್ತಾನೆ, ಒಬ್ಬ ಅಂಗಾಲು ಉಜ್ಜುತ್ತಾನೆ. ನಾನು ಗಲ್ಲಾದಿಂದ ಎದ್ದು, ಮೊದಲು ಡ್ರಾಯರ್‌ಗೆ ಕೀಲಿ ಹಾಕಿ, ಆಮೇಲೆ ಬರುತ್ತೇನೆ. ಕೀಲಿ ಹಾಕಿದ್ದು ನನಗೆ ನೆನಪೇ ಇಲ್ಲ, ಕ್ಯಾಮೆರಾದಲ್ಲಿದೆ. ಇಪ್ಪತ್ತು ವರ್ಷದ ಅಭ್ಯಾಸ.

ಭುಜ ತಟ್ಟಿ ಕೂಗಿದೆ, ಉತ್ತರ ಇಲ್ಲ. ಗೊರ್ ಗೊರ್ ಅಂತ ನಡುನಡುವೆ ಗೊರಕೆಯಂಥ ಸದ್ದು, ಬಾಯಿ ಮೀನಿನ ಹಾಗೆ ತೆರೆದು ಮುಚ್ಚುವುದು. ಸುತ್ತ ಇದ್ದವರು "ಉಸಿರು ಇದೆ, ಉಸಿರು ಇದೆ" ಎಂದರು. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಹೃದಯ ನಿಂತ ಮೇಲೂ ಕೆಲವು ನಿಮಿಷ ಈ ಥರ ಏದುಸಿರು ಬರಬಹುದು, ಅದು ಉಸಿರಾಟದ ಲೆಕ್ಕಕ್ಕಿಲ್ಲ ಅಂತ ಸಿಸ್ಟರ್ ಅಕ್ಕ ಆ ಸದ್ದನ್ನೇ ಬಾಯಲ್ಲಿ ಮಾಡಿ ತೋರಿಸಿದ್ದರು, ಹುಡುಗರು ನಕ್ಕಿದ್ದರು. ಅದೇ ಸದ್ದು. ಮಾತಿಗೆ ಉತ್ತರ ಇಲ್ಲ, ಸರಿಯಾದ ಉಸಿರಿಲ್ಲ, ಅಷ್ಟಾದರೆ ಒತ್ತಲು ಶುರು ಮಾಡುವುದು. ನಾಡಿ ಹುಡುಕುತ್ತಾ ಕೂರುವುದು ನಮ್ಮಂಥವರ ಕೆಲಸ ಅಲ್ಲ.

ಟೇಬಲ್ ಎಳೆಸಿದೆ. ಅಂಗಾತ ಮಲಗಿಸಿ, ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈ ಬುಡ, ಅದರ ಮೇಲೆ ಇನ್ನೊಂದು, ಮೊಣಕೈ ನೆಟ್ಟಗೆ. ಐದಾರು ಸೆಂಟಿಮೀಟರ್ ಒಳಗೆ ಹೋಗಬೇಕು, ಪ್ರತಿ ಸಲವೂ ಪೂರ್ತಿ ಮೇಲೆ ಬರಲು ಬಿಡಬೇಕು. ನಾಲ್ಕನೆಯದೋ ಐದನೆಯದೋ ಒತ್ತಿಗೆ ಕೈ ಕೆಳಗೆ ಲಟಕ್ ಎಂದಿತು. ಪಕ್ಕೆಲುಬು. ಗಾದಿಯಲ್ಲಿ ಈ ಸದ್ದು ಇರಲಿಲ್ಲ. ಒಂದು ಕ್ಷಣ ಕೈ ತಡೆಯಿತು, ಆದರೆ ಭಟ್ಟರು ಕಿಚನ್ ಬಾಗಿಲಲ್ಲಿ ನಿಂತು ಚಪ್ಪಾಳೆಯಲ್ಲಿ ತಾಳ ಹಾಕುತ್ತಿದ್ದರು, ಅದು ನಿಲ್ಲಲಿಲ್ಲ, ನನ್ನ ಕೈಯೂ ನಿಲ್ಲಲಿಲ್ಲ. ಹೋಟೆಲ್ ಪೂರ್ತಿ ಮೌನ, ಭಟ್ಟರ ಚಪ್ಪಾಳೆ ಒಂದೇ. ಬಾಯಿಂದ ಉಸಿರು ಕೊಡುವುದು ಕಲಿತವರು 30 ಒತ್ತಿಗೆ 2 ಉಸಿರು ಕೊಡಬಹುದು. ನನಗೆ ಅವತ್ತು ಧೈರ್ಯ ಬರಲಿಲ್ಲ, ಒತ್ತುತ್ತಲೇ ಇದ್ದೆ. ಬರೀ ಒತ್ತಿದರೂ ಸುಮ್ಮನೆ ನಿಲ್ಲುವುದಕ್ಕಿಂತ ಎಷ್ಟೋ ವಾಸಿ. ಎರಡು ನಿಮಿಷಕ್ಕೆ ಸೋತೆ. ಅದು ಎಂಥ ಕಸರತ್ತಿನವನಿಗೂ ಆಗುತ್ತದೆ, ಕೈ ಸೋತರೆ ಆಳ ಕಡಿಮೆಯಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ಎಣ್ಣೆ ಬಿದ್ದ ಕೈಯ ಹುಡುಗ, ಈಗ ಅವನು ಸಪ್ಲಾಯರ್, ನನ್ನ ಪಕ್ಕ ಮೊಣಕಾಲೂರಿ ಆಗಲೇ ಕೂತಿದ್ದ. "ಅಣ್ಣ, ಬಿಡಿ" ಎಂದ. ಬಿಟ್ಟೆ.

ಅಷ್ಟರಲ್ಲಿ ಇನ್ನೊಬ್ಬ 108ಕ್ಕೆ ಹಚ್ಚಿ ಸ್ಪೀಕರ್‌ಗೆ ಹಾಕಿದ್ದ. ಇಲ್ಲಿ ಒಂದು ಮಾತು. ಈ ಫೋನ್ ಎತ್ತುವವರು ಕೂತಿರುವುದು ಪುಣೆಯಲ್ಲಿ. ಇಡೀ ಮಹಾರಾಷ್ಟ್ರದ ಕರೆ ಅಲ್ಲಿಗೇ ಹೋಗುತ್ತದೆ. "ಸ್ಟೇಷನ್ ಹತ್ತಿರ, ಗಣಪತಿ ಗುಡಿ ಪಕ್ಕ, ಬೇಗ ಬನ್ನಿ" ಅಂದರೆ ಪುಣೆಯಲ್ಲಿ ಕೂತ ಆ ಮಗುವಿಗೆ ಯಾವ ಗಣಪತಿ ಅಂತ ಗೊತ್ತಾಗಬೇಕು? ಮುಂಬಯಿಯಲ್ಲಂತೂ ಈಸ್ಟಾ, ವೆಸ್ಟಾ ಹೇಳದಿದ್ದರೆ ಗಾಡಿ ಹಳಿಯ ಆ ಕಡೆ ಬಂದು ನಿಲ್ಲುತ್ತದೆ, ಸೇತುವೆ ಸುತ್ತಿ ಈ ಕಡೆ ಬರಲು ಇಪ್ಪತ್ತು ನಿಮಿಷ. ಅದಕ್ಕೇ ನಾವು ಗಲ್ಲಾದ ಹಿಂದೆ ಒಂದು ಕಾಗದ ಅಂಟಿಸಿದ್ದೇವೆ, ಫೋನ್ ಮಾಡಿದವನು ಅದನ್ನು ಓದಿದರೆ ಸಾಕು. ಮೊದಲು ಘಾಟ್‌ಕೋಪರ್ ವೆಸ್ಟ್, ಆಮೇಲೆ ಎಲ್‌ಬಿಎಸ್ ರಸ್ತೆಯಲ್ಲಿ ಯಾವ ಸಿಗ್ನಲ್ಲಿಗೆ ತಿರುಗಬೇಕು, ಬಲಕ್ಕೋ ಎಡಕ್ಕೋ, ಕಟ್ಟಡದ ಹೆಸರು, ಕೆಳಗೆ ನಮ್ಮ ಫೋನ್ ನಂಬರ್. ಮರಾಠಿಯಲ್ಲಿ ಒಂದು, ಹಿಂದಿಯಲ್ಲಿ ಒಂದು, ಗಾಬರಿಯಲ್ಲಿ ಬೇರೆ ಭಾಷೆ ಬಾಯಿಗೆ ಬರದ ನಮ್ಮವರಿಗೆ ಕನ್ನಡ ಲಿಪಿಯಲ್ಲಿ ಬರೆದ ಹಿಂದಿ ಒಂದು. ಕೆಳಗೆ ಯಾವುದೇ ತುರ್ತಿಗೆ 112, ಅಗ್ನಿಶಾಮಕಕ್ಕೆ 101, ಗ್ಯಾಸ್ ಸೋರಿದರೆ 1906, ಮುನಿಸಿಪಾಲಿಟಿಯ 1916.

ಹೇಳಿ ಮುಗಿದ ಮೇಲೆ ಫೋನ್ ಇಡಬಾರದು, ಅವರೇ ಇಡಲಿ. ಒಬ್ಬ ಸಿಗ್ನಲ್‌ಗೆ ಓಡಿದ, ಕೆಂಪು ಟವೆಲ್ ಹಿಡಿದು. ಇನ್ನೊಬ್ಬ ಗಲ್ಲಿಯಲ್ಲಿ ಅಡ್ಡ ನಿಂತ ಸ್ಕೂಟರ್‌ಗಳನ್ನು ಸರಿಸಿದ. ಇದು ಎದೆ ಒತ್ತಿದಷ್ಟೇ ದೊಡ್ಡ ಕೆಲಸ ಅಂತ ನಾನು ಈಗಲೂ ಹೇಳುತ್ತೇನೆ. ಹೃದಯ ನಿಂತವರಿಗೆ ಯಾರೂ ಕೈ ಹಾಕದಿದ್ದರೆ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ನಾವು ಒತ್ತುವುದು ಆ ಇಳಿತವನ್ನು ನಿಧಾನ ಮಾಡಲಿಕ್ಕೆ. ನಿಂತ ಹೃದಯವನ್ನು ಮತ್ತೆ ಓಡಿಸುವ ಶಾಕ್ ಯಂತ್ರ, ಔಷಧ, ಡಾಕ್ಟರ್ ಎಲ್ಲ ಆ ಗಾಡಿಯಲ್ಲಿದೆ. ಗಾಡಿ ಬರದಿದ್ದರೆ ನನ್ನ ಕೈ ಎಷ್ಟು ಹೊತ್ತು ಎಳೆದೀತು?

ಗಾಡಿ ಬಂದಿದ್ದು 6 ಗಂಟೆ 57ಕ್ಕೆ. ನಾವು ನಾಲ್ಕು ಜನ ಏಳು ಸಲ ಕೈ ಬದಲಿಸಿದ್ದೆವು. ಡಾಕ್ಟರ್ ಇಳಿದು ಎದೆಗೆ ಪ್ಯಾಡ್ ಅಂಟಿಸಿ ಒಂದು ಶಾಕ್ ಕೊಟ್ಟರು, ಮತ್ತೆ ಒತ್ತಿದರು, ಇನ್ನೊಂದು ಕೊಟ್ಟರು. ನಾಡಿ ಬಂತು ಅಂದರು. ನನ್ನನ್ನು ನೋಡಿ "ಕೋಣಿ ಶಿಕವಲಂ?" ಎಂದು ಮರಾಠಿಯಲ್ಲಿ ಕೇಳಿದರು, ಯಾರು ಕಲಿಸಿದ್ದು ಅಂತ. ನನಗೆ ಬಾಯಿ ಬರಲಿಲ್ಲ. ಟೇಬಲ್ ಮೇಲೆ ಅವರ ಕನ್ನಡಕ ಉಳಿದಿತ್ತು, ಓಡಿ ಹೋಗಿ ಗಾಡಿಯೊಳಗೆ ಕೊಟ್ಟೆ.

ಅವರು ಉಳಿಯಲಿಲ್ಲ. ಮುನಿಸಿಪಾಲಿಟಿ ಆಸ್ಪತ್ರೆಯ ಐಸಿಯುನಲ್ಲಿ ಮೂರು ದಿನ ಇದ್ದರು. ಎರಡನೇ ದಿನ ಬೆಂಗಳೂರಿನಿಂದ ಮಗಳು ಬಂದಾಗ ಕಣ್ಣು ತೆರೆದು ನೋಡಿದರಂತೆ, ಬೆರಳು ಒತ್ತಿದರಂತೆ. ಮೂರು ವಾರ ಬಿಟ್ಟು ಆಕೆ ಹೋಟೆಲ್‌ಗೆ ಬಂದರು. ಯಾವ ಟೇಬಲ್ ಅಂತ ಕೇಳಿ ಅಲ್ಲೇ ಕೂತರು. ನನಗೆ ಏನು ಹೇಳಬೇಕೋ ತಿಳಿಯದೆ ಪಕ್ಕೆಲುಬಿನ ವಿಷಯ ಎತ್ತಿ ಕ್ಷಮೆ ಕೇಳಿದೆ. ಆಕೆ, "ಅಣ್ಣ, ಅಪ್ಪಗ ನೋವಾಗಿರ್ತದೇನ್ರೀ?" ಎಂದರು. ಆ ಹೊತ್ತಿಗೆ ಎಚ್ಚರ ಇರುವುದಿಲ್ಲ, ಗೊತ್ತಾಗುವುದಿಲ್ಲ ಎಂದೆ. ಸಿಸ್ಟರ್ ಅಕ್ಕ ಹೇಳಿಕೊಟ್ಟ ಮಾತು ಅದು. ಆಸ್ಪತ್ರೆ ಖರ್ಚಿನ ಬಗ್ಗೆ ಆಕೆಯೇ ಹೇಳಿದರು, ಹೊರಗಿನಿಂದ ತಂದ ಔಷಧ ಸೇರಿಸಿದರೂ ಖಾಸಗಿ ಐಸಿಯುನ ಒಂದು ದಿನದ ಅರ್ಧಕ್ಕೆ ಬರಲಿಲ್ಲವಂತೆ. ಕಾರಿಡಾರ್‌ನಲ್ಲಿ ಚಾದರ ಹಾಸಿ ಮಲಗಿದ್ದು, ಲಿಫ್ಟ್ ಕೆಟ್ಟಿದ್ದು, ಒಬ್ಬ ನರ್ಸ್ ಎಂಟು ಹತ್ತು ಹಾಸಿಗೆ ನೋಡುತ್ತಿದ್ದದ್ದು, ಅದನ್ನೂ ಹೇಳಿದರು. ಎರಡೂ ನಿಜ. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಸರ್ಕಾರಿ ಅಂದ ಕೂಡಲೇ ಮೂಗು ಮುರಿಯುತ್ತಾರೆ, ನಾನೂ ಮುರಿದವನೇ. ಆದರೆ ಬಿದ್ದವನ ಜೇಬು ನೋಡದೆ ಒಳಗೆ ಬಿಡುವ ಬಾಗಿಲು ಈ ಊರಲ್ಲಿ ಯಾವುದು ಅಂತ ಟೆಂಪೋದಲ್ಲಿ ಕೂತು ಕಂಡ ಮೇಲೆ, ಲಿಫ್ಟ್ ಯಾಕೆ ಕೆಟ್ಟಿದೆ, ನರ್ಸ್ ಯಾಕೆ ಒಬ್ಬರೇ ಅಂತ ಕೇಳುವ ಸಿಟ್ಟು ಬೇರೆ ಥರದ್ದಾಗಿದೆ. ಓಟು ಕೇಳಲು ಬಂದವರಿಗೆ ಈ ಸಲ ಕಾಫಿ ಕೊಟ್ಟು ಅದನ್ನೇ ಕೇಳಿದೆ.

ಸಿಸ್ಟರ್ ಅಕ್ಕ ಈಗ ಮಗನ ಜೊತೆ ಅಂಕೋಲದಲ್ಲಿದ್ದಾರೆ. ಹೊಸ ಹುಡುಗರು ಬಂದಾಗ ಗಾದಿ ನಾನೇ ಸುತ್ತುತ್ತೇನೆ, ತಾಳ ಭಟ್ಟರದ್ದೇ. ಹೊಸಬ ಒಬ್ಬ ಮೊನ್ನೆ ಆ ಕಾಗದ ನೋಡಿ ಅದು ಪಾರ್ಸೆಲ್ ರೇಟ್ ಅಂದುಕೊಂಡು ಗಿರಾಕಿಗೆ ಓದಿ ಹೇಳುತ್ತಿದ್ದ.

ಡಬ್ಬಿಯ ಬೀಗ 2015ರಲ್ಲೇ ಒಡೆದು ಹಾಕಿದೆ, ಶೇಠರು ಊರಿಂದ ಬರುವ ಮೊದಲೇ. ಅವರು ಬಂದು ನೋಡಿ "ಸಾಮಾನು ಕಳುವಾಗ್ತದೆ ನೋಡು" ಎಂದರು. ಆಗುತ್ತದೆ. ಬ್ಯಾಂಡ್ ಏಡ್ ಎರಡು ವಾರಕ್ಕೆ ಒಂದು ಡಬ್ಬಿ ಖಾಲಿ. ಹುಡುಗರು ಹೊಸ ಚಪ್ಪಲಿ ಕಚ್ಚಿದ್ದಕ್ಕೆ, ಮೊಡವೆ ಒಡೆದಿದ್ದಕ್ಕೆಲ್ಲ ಹಚ್ಚಿಕೊಳ್ಳುತ್ತಾರೆ. ತಿಂಗಳ ಸಾಮಾನಿನ ಚೀಟಿಯಲ್ಲಿ ತೊಗರಿಬೇಳೆಯ ಕೆಳಗೆ ಅದನ್ನೂ ಬರೆಯುತ್ತೇನೆ.